ಗ್ಯಾಸ್ ಪದಾರ್ಥ ಮೀಮಾಂಸೆ

ಪೀಠಿಕೆ: ಕನ್ನಡ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ, ಆದರೂ ವಿದ್ವಾಂಸರ ಭಾಷ್ಯಕ್ಕೆ ಎರವಾಗಿಯೇ ಉಳಿದ ಶಬ್ದ 'ಗ್ಯಾಸ್'. ಆ ಕೊರತೆ ನೀಗಲೆಂದು ಈ ಪ್ರಬಂಧ ಹೊರಟಿದೆ. ಇದನ್ನು ಬರೆಯಿರೆಂದು ಯಾರೂ ಕೇಳಿಲ್ಲವೆಂಬುದೇ ಇದರ ಶೈಕ್ಷಣಿಕ ಮಹತ್ವ.

1. ನಿಷ್ಪತ್ತಿ: 17ನೇ ಶತಮಾನದಲ್ಲಿ ಬ್ರಸೆಲ್ಸಿನ ವಾನ್ ಹೆಲ್ಮಾಂಟ್ ಎಂಬ ರಸಾಯನಜ್ಞ ಗ್ರೀಕರ 'ಖಾವೋಸ್' ಎಂಬ ಮಾತನ್ನು ಹಿಂಡಿ ಈ ಶಬ್ದ ತೆಗೆದ. ಖಾವೋಸ್ ಎಂದರೆ ಅಲ್ಲೋಲಕಲ್ಲೋಲ. ಬುಕ್ ಮಾಡಿದ ಸಿಲಿಂಡರು ಮನೆ ಬಾಗಿಲಿಗೆ ಬಂದು ನಿಂತಾಗ ಅದರ ಒಟಿಪಿ ಆಫೀಸಿನಲ್ಲಿರುವ ಯಜಮಾನರ ಫೋನಿಗೆ ಹೋಗುವುದರಿಂದ, ಮೂಲಾರ್ಥ ಇಂದಿಗೂ ಚಲಾವಣೆಯಲ್ಲಿದೆ.

2. ಅರ್ಥಭೇದ: ಅಮೆರಿಕದವರಿಗೆ ಗ್ಯಾಸ್ ಎಂದರೆ ಪೆಟ್ರೋಲು, ಅಂದರೆ ದ್ರವ. ನಗುವ ಮುನ್ನ ನಮ್ಮ ಹಿರಿಯರನ್ನೂ ನೆನೆಯಬೇಕು. ಸೀಮೆಎಣ್ಣೆ ಸುರಿದು, ಪಂಪು ಹೊಡೆದು, ಮ್ಯಾಂಟಲ್ ಹೊತ್ತಿಸಿದ ಪೆಟ್ರೋಮ್ಯಾಕ್ಸನ್ನು 'ಗ್ಯಾಸ್‌ಲೈಟು' ಎಂದು ಕರೆದು, ಅದರ ಬೆಳಕಲ್ಲಿ ಬೆಳತನಕ ಯಕ್ಷಗಾನ ನೋಡಿದವರು ಅವರು. ಐರ್ಲೆಂಡಿನಲ್ಲಂತೂ ನಗಿಸುವ ಮನುಷ್ಯನೇ ಗ್ಯಾಸ್. ಕನ್ನಡದಲ್ಲಿ ಮುಖ್ಯಾರ್ಥಗಳು ಮೂರು: ಅಡುಗೆಮನೆಯದು, ಹೊಟ್ಟೆಯದು, ಬಾಯಿಯದು.

3. ವ್ಯಾಕರಣ: ನಾಮಪದ ಒಂದೇ, ತೀರ್ಪು ಕೊಡುವುದು ಕ್ರಿಯಾಪದ. 'ಗ್ಯಾಸ್ ಬಂತು' ಎಂದರೆ ಸಿಲಿಂಡರು. 'ಗ್ಯಾಸ್ ಆಯ್ತು' ಎಂದರೆ ಅಜೀರ್ಣ. 'ಗ್ಯಾಸ್ ಹೊಡೆದ' ಎಂದರೆ ಬೊಗಳೆ. 'ಗ್ಯಾಸ್ ಹೋಯ್ತು' ಎಂಬಲ್ಲಿ ಮಾತ್ರ ವೈಯಾಕರಣರು ತಬ್ಬಿಬ್ಬಾಗುತ್ತಾರೆ. ಹೇಳಿದವರ ಮುಖದಲ್ಲಿ ಚಿಂತೆ ಕಂಡರೆ ಸಿಲಿಂಡರು, ನೆಮ್ಮದಿ ಕಂಡರೆ ಹೊಟ್ಟೆ ಎಂದು ತಿಳಿಯತಕ್ಕದ್ದು. 'ಗ್ಯಾಸ್ಟ್ರಿಕ್' ಇಂಗ್ಲಿಷಿನಲ್ಲಿ ಬಡ ವಿಶೇಷಣ. ಕನ್ನಡಕ್ಕೆ ಬಂದಮೇಲೆ ಬಡ್ತಿ ಪಡೆದು ಸ್ವತಂತ್ರ ಕಾಯಿಲೆಯಾಗಿದೆ.

4. ಕಾರ್ಯಕಾರಣ ವಾದ: ಸೌದೆ ಒಲೆ ಹೋಗಿ ಗ್ಯಾಸ್ ಒಲೆ ಬಂದದ್ದೇ ಹೊಟ್ಟೆಯ ಗ್ಯಾಸಿಗೆ ಮೂಲವೆಂದು ಅಜ್ಜಿ ಸಂಪ್ರದಾಯ. ಅವರೆಕಾಳು ಸಾರನ್ನು ಮತ್ತೆ ಮತ್ತೆ ಬಡಿಸಿಕೊಂಡದ್ದೇ ಮೂಲವೆಂದು ಸೊಸೆ ಸಂಪ್ರದಾಯ. ಚರ್ಚೆ ನಡೆಯುವುದು ರಾತ್ರಿ ಊಟದ ನಂತರವಾದ್ದರಿಂದ ಎರಡೂ ಪಕ್ಷಗಳಿಗೆ ಪುರಾವೆ ಹೇರಳ.

5. ನಿರ್ಣಯ: ಅಡುಗೆ ಅನಿಲಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಇರಬೇಕು. ಅನುಮಾನ ಬಂದರೆ ತೂಗಿಸಬಹುದು. ಹೊಟ್ಟೆಯ ಗ್ಯಾಸಿಗೆ ಎಚ್ಚರಿಕೆಯನ್ನು ಪ್ರಕೃತಿಯೇ ಬೆರೆಸಿದೆ. ಬಾಯಿಯ ಗ್ಯಾಸಿಗೆ ಮಾತ್ರ ವಾಸನೆಯೂ ಇಲ್ಲ, ತೂಕವೂ ಇಲ್ಲ. ಎಷ್ಟು ಸೋರಿದರೂ ಖಾಲಿಯಾಗುವುದಿಲ್ಲ. ಆದ್ದರಿಂದ ಚುನಾವಣಾ ಪ್ರಣಾಳಿಕೆಗಳಿಗೂ ಸೈಟು ಮಾರುವವರ ಜಾಹೀರಾತುಗಳಿಗೂ ಅಚ್ಚಿಗೆ ಹೋಗುವ ಮುನ್ನ ಒಂದಿಷ್ಟು ಮರ್ಕ್ಯಾಪ್ಟನ್ ಬೆರೆಸುವುದನ್ನು ಸರ್ಕಾರ ಕಡ್ಡಾಯ ಮಾಡತಕ್ಕದ್ದು. ಅಲ್ಲಿಯವರೆಗೆ ಓದುಗರು ಕಿಟಕಿ ತೆರೆದಿಟ್ಟುಕೊಂಡು ಕೂರುವುದು ಕ್ಷೇಮ, ಇಂಥ ಪ್ರಬಂಧಗಳನ್ನು ಓದುವಾಗಲಂತೂ ತಪ್ಪದೆ.