ಹಲ್ಲು ನೋಡಿ ಕೊಂಡ ಗೇರ್

ನಮ್ಮ ಅಂಬಾಸಿಡರ್‌ಗೆ ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಒಗ್ಗುವುದಿಲ್ಲ. ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಸಾಕು, ಟಕ್ಕೆಂದು ನ್ಯೂಟ್ರಲ್‌ಗೆ ಹಾರುತ್ತದೆ. ನಂದಿಬೆಟ್ಟ ಇಳಿಯುವಾಗ ನಾನು ಸ್ಟೀರಿಂಗ್ ಹಿಡಿದರೆ, ಅದರ ಎಡಕ್ಕಿರುವ ಗೇರ್ ಕಡ್ಡಿಯನ್ನು ಹೆಂಡತಿ ಒತ್ತಿ ಹಿಡಿಯುತ್ತಾಳೆ. ಇಂಥ ದಾಂಪತ್ಯ ಆಟೋಮ್ಯಾಟಿಕ್ ಕಾರಿನವರ ಹಣೆಯಲ್ಲಿ ಬರೆದಿಲ್ಲ.

ಉತ್ತರಪಾಡಾದ ಅಂಬಾಸಿಡರ್ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ಅಂದಿನಿಂದ ನಮ್ಮಂಥವರಿಗೆ ಗುಜರಿಯೇ ಗತಿ. ಅಲ್ಲಿ ಎಲ್ಲವೂ ‘ಒರಿಜಿನಲ್ ಸಾರ್’. ಯಾವ ಗಾಡಿಯ ಒರಿಜಿನಲ್ ಎಂದು ಮಾತ್ರ ಕೇಳಬಾರದು.

ಅದಕ್ಕೇ ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ಯುತ್ತೇನೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನ ಹಾಗೆ ಅವರು ಮೊದಲು ನೋಡುವುದು ಹಲ್ಲು. ಗೇರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದು ಹಲ್ಲಿಗೆ ಸೀಮೆಸುಣ್ಣ ಬಳಿದು ಎಣಿಸುತ್ತಾರೆ. ಒಂದು ಹೆಚ್ಚುಕಮ್ಮಿಯಾದರೂ ಪಕ್ಕಕ್ಕೆ. ಲೆಕ್ಕ ಸರಿಯಿದ್ದರೆ ಬದಿಯ ಪುಟ್ಟ ಹಲ್ಲುಗಳ ಮೇಲೆ ಉಗುರಾಡಿಸುತ್ತಾರೆ. ಗೇರನ್ನು ಕಚ್ಚಿ ಹಿಡಿಯುವವು ಅವೇ; ತುದಿ ಮೊಂಡಾದರೆ ಅದೂ ಹಾರುವ ಗೇರೇ. ಬೇರಿಂಗ್‌ಗೆ ಇಷ್ಟೆಲ್ಲ ಪರೀಕ್ಷೆ ಬೇಡ. ಮೈಮೇಲೆ 6206 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ, ಒಳವ್ಯಾಸ 30 ಮಿ.ಮೀ. ಆದರೆ ನನ್ನ ಮಾತು ಕೇಳಿ, ಆ ನಂಬರ್ ಬರೆದುಕೊಂಡು ಅಂಗಡಿಯಿಂದ ಹೊಸದನ್ನೇ ತನ್ನಿ. ಬೇರಿಂಗ್‌ನಲ್ಲಿ ಜಿಪುಣತನ ಮಾಡಿದವನು ಗೇರ್‌ಬಾಕ್ಸನ್ನು ಮತ್ತೆ ಇಳಿಸುತ್ತಾನೆ.

ಗೇರ್ ಸದ್ದಿಲ್ಲದೆ ಬೀಳುವಂತೆ ಮಾಡುವ ಸಿಂಕ್ರೋ ರಿಂಗ್‌ಗಳದ್ದೇ ದೊಡ್ಡ ಕತೆ. ಮೊದಲ ಗೇರ್‌ಗೆ ಆ ಭಾಗ್ಯವಿಲ್ಲ. ಗಾಡಿ ಪೂರ್ತಿ ನಿಲ್ಲದೆ ಹಾಕಿದರೆ ಬೀದಿಯವರೆಲ್ಲ ತಿರುಗಿ ನೋಡುತ್ತಾರೆ. ಉಳಿದವಕ್ಕಾಗಿ ತಂದ ಹಿತ್ತಾಳೆ ರಿಂಗ್‌ಗಳನ್ನು ಬಚ್ಚಲ ಹತ್ತಿರ ಇಟ್ಟಿದ್ದೆ. ಅಮ್ಮ ಅವನ್ನು ದೇವರ ಸಾಮಾನಿನ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ದೀಪದ ಕಂಬದ ಪಕ್ಕ ಜೋಡಿಸಿಬಿಟ್ಟಿದ್ದರು. ಮೇಸ್ತ್ರಿಗೆ ತೋರಿಸಿದೆ.

“ಹೊಳಪು ಇಟ್ಕೊಂಡು ಏನ್ ಮಾಡ್ತೀರಾ ಸಾರ್, ಒಳಗಿನ ಗೆರೆ ನೋಡಿ,” ಎಂದು ಒಂದನ್ನು ಗೇರಿನ ಶಂಕುವಿನ ಮೇಲೆ ಒತ್ತಿ ತಿರುಗಿಸಿದರು. ಸೊರ್ರನೆ ಜಾರಿತು. ಇನ್ನೊಂದು ಗಪ್ಪನೆ ಹಿಡಿಯಿತು. ರಿಂಗಿಗೂ ಗೇರಿಗೂ ನಡುವೆ ಸಂದೂ ಉಳಿದಿತ್ತು. “ಇದಕ್ಕೆ ಇನ್ನೂ ಆಯಸ್ಸಿದೆ. ಅದನ್ನ ಅಮ್ಮಂಗೇ ಕೊಡಿ.”

ಹೀಗೆ ಒಂದು ಒಳ್ಳೆಯ ಗೇರ್‌ಗಾಗಿ ಇಡೀ ಗೇರ್‌ಬಾಕ್ಸ್‌ಗಳನ್ನೇ ಕೊಂಡು, ಮಿಕ್ಕಿದ್ದೆಲ್ಲ ಅಟ್ಟ ಸೇರಿದೆ. ಮೊನ್ನೆ ಗುಜರಿಯವನು ಫೋನ್ ಮಾಡಿದ್ದ.

“ಸಾರ್, ಒಂದು ಅಂಬಾಸಿಡರ್ ಬಾಡಿ ಬಂದಿದೆ. ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಗೇರ್‌ಬಾಕ್ಸ್ ಹೇಗೂ ನಿಮ್ಮತ್ರ ಇದೆಯಲ್ಲ?”

ಸ್ಪೀಕರ್ ಆನ್ ಆಗಿತ್ತು. “ಅಟ್ಟದಲ್ಲಿ ಜಾಗ ಇಲ್ಲ ಅಂತ ಹೇಳ್ರೀ,” ಎಂದು ಒಳಗಿನಿಂದಲೇ ಉತ್ತರ ಹೋಯಿತು.