ಹೆಬ್ಬೆರಳಣ್ಣ

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು ಗಿಡಕ್ಕೆ ನೀರು ಹಾಯಿಸುವ ಗಂಡಸಿಗೆ ಹೆಬ್ಬೆರಳಣ್ಣ ಎನ್ನಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಅವನಿಲ್ಲದ ಬೀದಿಯಿಲ್ಲ. ಮಂಡಿಯ ಮೇಲಕ್ಕೆ ಕಟ್ಟಿದ ಪಂಚೆ ಅಥವಾ ಪಟ್ಟಾಪಟ್ಟಿ ಚಡ್ಡಿ, ಹೆಗಲ ಮೇಲೊಂದು ಟವಲು, ಇನ್ನೊಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಕಾಣಿಸಿಕೊಳ್ಳುತ್ತಾನೆ. ಮನೆಯೊಳಗೆ ಒಂದು ಲೋಟ ನೀರನ್ನೂ ಬಗ್ಗಿಸಿಕೊಂಡು ಕುಡಿಯದವನು ಇಲ್ಲಿ ಮಾತ್ರ ಯಾರಿಗೂ ಪೈಪು ಕೊಡುವುದಿಲ್ಲ. ದಾಸವಾಳಕ್ಕೆ ಶುರುವಾದ ನೀರು ಕಾಂಪೌಂಡು, ಸ್ಕೂಟರು, ರಸ್ತೆಯ ಧೂಳು, ಕೊನೆಗೆ ಎದುರುಮನೆಯ ನಾಯಿಯವರೆಗೂ ಹೋಗುತ್ತದೆ.

ಅವನ ಸಿದ್ಧಾಂತ ಸರಳ: ಸದ್ದು ಜೋರಾದರೆ ನೀರು ಜಾಸ್ತಿ. ವಾಸ್ತವದಲ್ಲಿ ಹರಿವು ಬೇರೆ, ಒತ್ತಡ ಬೇರೆ. ನಿಮಿಷಕ್ಕೆ ಎಷ್ಟು ಲೀಟರ್ ಬಂತು ಎಂಬುದು ಹರಿವು. ಆ ನೀರನ್ನು ಹಿಂದಿನಿಂದ ಯಾವುದು ಎಷ್ಟು ದೂಡುತ್ತಿದೆ ಎಂಬುದು ಒತ್ತಡ. ದೂಡುವ ಕೆಲಸವನ್ನು ಮೋಟಾರು ಮಾಡಬಹುದು, ಎತ್ತರವೂ ಮಾಡಬಹುದು. 10 ಮೀಟರ್ ಎತ್ತರದ ನೀರು ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಹಾಕುತ್ತದೆ. ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 20 ಮೀಟರ್ ಧುಮುಕುತ್ತಾಳೆ. ಅಷ್ಟೇ ಎತ್ತರದ ಕೊಳವೆಯಲ್ಲಿ ನೀರು ತುಂಬಿ ನಿಲ್ಲಿಸಿದರೆ ಕೆಳಗೆ ಸಿಗುವುದು ಎರಡು ಕೆ.ಜಿ. ಒತ್ತಡ. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕು ನಲ್ಲಿಗಿಂತ ನಾಲ್ಕೈದು ಮೀಟರ್ ಮೇಲಿದ್ದರೆ ಅರ್ಧ ಕೆ.ಜಿ. ದಾಟುವುದಿಲ್ಲ. ಹೆಬ್ಬೆರಳಣ್ಣ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ 500 ಲೀಟರ್ ಟ್ಯಾಂಕನ್ನು ಇಳಿಸಿ 2000 ಲೀಟರಿನದನ್ನು ಏರಿಸುವುದು. ಒತ್ತಡಕ್ಕೆ ನೀರಿನ ಎತ್ತರ ಮುಖ್ಯವೇ ಹೊರತು ಟ್ಯಾಂಕಿನ ಹೊಟ್ಟೆಯಲ್ಲ. ಆದ್ದರಿಂದ ಮಾರನೆಯ ದಿನವೂ ಪೈಪಿನ ನೀರು ನಿನ್ನೆಯಷ್ಟೇ ಸೋಮಾರಿಯಾಗಿರುತ್ತದೆ. ಅಷ್ಟರಲ್ಲಿ ತಾರಸಿ ಮಾತ್ರ ಒಂದೂವರೆ ಟನ್ ಹೆಚ್ಚಿನ ಭಾರ ಹೊತ್ತಿರುತ್ತದೆ.

ಇನ್ನು ಹೆಬ್ಬೆರಳು. ಬಾಯಿ ಮುಕ್ಕಾಲು ಮುಚ್ಚಿದಾಗ ನೀರು ಪಿಚಕಾರಿಯಂತೆ ಚಿಮ್ಮುವುದು ನಿಜ. ಪೈಪಿನೊಳಗೆ ನೀರು ನಿಧಾನವಾಗುತ್ತದೆ, ಗೋಡೆಗೆ ಉಜ್ಜಿ ಕಳೆದುಹೋಗುತ್ತಿದ್ದ ಒತ್ತಡ ತುದಿಯವರೆಗೂ ಉಳಿಯುತ್ತದೆ, ಉಳಿದದ್ದೆಲ್ಲ ಆ ಸಣ್ಣ ಸಂದಿಯಲ್ಲಿ ವೇಗವಾಗಿ ಹೊರಬೀಳುತ್ತದೆ. ವೇಗ ಏರಿತು, ಪ್ರಮಾಣ ಇಳಿಯಿತು. ಬೆರಳು ತೆಗೆದು ಒಮ್ಮೆ, ಒತ್ತಿಕೊಂಡು ಒಮ್ಮೆ ಬಕೆಟ್ ತುಂಬಿಸಿ ಗಡಿಯಾರ ನೋಡಿದರೆ ಸಾಕು, ವಾದ ಮುಗಿಯುತ್ತದೆ. ಆದರೆ ಅವನು ಬಕೆಟ್ ಮುಟ್ಟುವವನಲ್ಲ. ಅದು ಹೆಂಗಸರ ಸಾಮಾನು. ಅವನ ಪರವಾಗಿಯೂ ಒಂದು ಮಾತು ಹೇಳಬೇಕು: ಪೈಪು ಸಣ್ಣದಾಗಿ, ಉದ್ದವಾಗಿದ್ದರೆ ನೀರಿನ ಸೊಕ್ಕು ದಾರಿಯಲ್ಲೇ ಅಡಗಿರುತ್ತದೆ, ಆಗ ಬೆರಳಿಟ್ಟರೂ ಪ್ರಮಾಣ ಅಷ್ಟೇನೂ ಕುಗ್ಗುವುದಿಲ್ಲ. ಇನ್ನೊಂದು ಮಿತಿಯೂ ಇದೆ. ಬೆರಳು ಎಷ್ಟೇ ಒತ್ತಿದರೂ ನೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೇರದು. ತಾರಸಿಗಿಂತ ಎತ್ತರ ಬೆಳೆದ ಮಾವಿನ ನೆತ್ತಿ ತೊಳೆಯಹೊರಟ ಹೆಬ್ಬೆರಳಣ್ಣ ತನ್ನ ನೆತ್ತಿಯನ್ನಷ್ಟೇ ತೊಳೆದುಕೊಂಡು ಒಳಗೆ ಬರುತ್ತಾನೆ.

ಬೋರ್‌ವೆಲ್ ಉಳ್ಳವನ ಲೆಕ್ಕ ಇಂಚಿನದು. "ನಮ್ದು ಎರಡಿಂಚು, ಪಕ್ಕದೋರ್ದು ಒಂದೇ ಇಂಚು" ಎನ್ನುವಾಗ ತನ್ನಲ್ಲಿ ದುಪ್ಪಟ್ಟು ನೀರಿದೆ ಎಂದುಕೊಂಡಿರುತ್ತಾನೆ. ಬೋರ್ ಕೊರೆಯುವವರು ವಿ ಆಕಾರದ ಕಚ್ಚಿರುವ ತಗಡಿನ ಮೇಲೆ ನೀರು ಹರಿಸಿ, ಕಚ್ಚಿನಲ್ಲಿ ಅದು ಎಷ್ಟು ಎತ್ತರ ನಿಂತಿತೆಂದು ಅಳೆಯುತ್ತಾರೆ. ಮೇಲೇರಿದಂತೆ ಕಚ್ಚು ಅಗಲವಾಗುವುದರಿಂದ ಎರಡಿಂಚೆಂದರೆ ಒಂದಿಂಚಿನ ಐದೂವರೆ ಪಟ್ಟಿಗೂ ಹೆಚ್ಚು. ಜಂಬದ ವಿಷಯದಲ್ಲಿ ಹೆಬ್ಬೆರಳಣ್ಣ ಕಡಿಮೆ ಹೇಳುವುದು ಇದೊಂದೇ ಸಂದರ್ಭದಲ್ಲಿ, ಅದೂ ಗೊತ್ತಿಲ್ಲದೆ.

ಕೆ.ಆರ್. ನಗರದ ಕಡೆಯ ಭತ್ತದವನಿಗೆ ಇವನನ್ನು ಕಂಡರೆ ನಗು. ಚಾಮರಾಜ ನಾಲೆಯ ನೀರಿಗೆ ಆರ್ಭಟವೇನೂ ಇಲ್ಲ, ಆದರೂ ರಾತ್ರಿ ಬೆಳಗಾಗುವಷ್ಟರಲ್ಲಿ ಗದ್ದೆಯ ಬದು ಮುಳುಗಿರುತ್ತದೆ. ಅದು ಅಪ್ಪಟ ಹರಿವು. ಅವನ ಆಯುಧ ಸನಿಕೆ.

ಹೆಬ್ಬೆರಳಣ್ಣನ ಬಣ್ಣ ಪೂರ್ತಿ ಬಯಲಾಗುವುದು ಬೇಸಿಗೆಯಲ್ಲಿ, ಹೊಗೆಸೊಪ್ಪಿನ ಸಸಿಮಡಿಯ ಮುಂದೆ. ಹುಣಸೂರು, ಪಿರಿಯಾಪಟ್ಟಣದ ಬಯಲಲ್ಲಿ ಮೇ ತಿಂಗಳ ಮಳೆಗೆ ನಾಟಿ ಆಗಬೇಕಾದರೆ ಅದಕ್ಕೆ ಮೊದಲೇ ಮಡಿಗೆ ಬೀಜ ಬಿದ್ದಿರಬೇಕು. ಒಂದು ಗ್ರಾಂ ತೂಗುವುದಕ್ಕೆ 10 ಸಾವಿರಕ್ಕೂ ಹೆಚ್ಚು ಬೀಜ ಬೇಕು, ಅಷ್ಟು ಸಣ್ಣದು. ಮಣ್ಣಿನ ಆಳಕ್ಕೆ ಹೋದರೆ ಮೊಳೆಯದು, ಹಾಗಾಗಿ ಮೇಲೆಯೇ ಉದುರಿಸಿ ತೆಳ್ಳಗೆ ಹುಲ್ಲು ಹೊದಿಸುತ್ತಾರೆ. ಆ ಮಡಿಗೆ ಹೆಬ್ಬೆರಳಿನ ನೀರು ಬಿದ್ದರೆ ಹುಲ್ಲು ಒಂದು ಕಡೆ, ಬೀಜ ಇನ್ನೊಂದು ಕಡೆ. ಹನಿ ಹೊಡೆದ ಮಣ್ಣು ಒಣಗಿ ಚಕ್ಕೆಗಟ್ಟುತ್ತದೆ. ವಾರ ಕಳೆದು ನೋಡಿದರೆ ಮಡಿಯ ನಡುವೆ ಬೋಳು, ಕಾಲುವೆಯಲ್ಲಿ ಹಸಿರು. "ಬುಡಿ ಅತ್ಲಾಗೆ, ಆ ಪೈಪ್ ತಕ್ಕೊಂಡ್ ತೆಂಗಿನ್ ಬುಡಕ್ ಹಾಕ್ಕೋಗಿ" ಎಂದು ಹೆಂಡತಿ ಜರಡಿ ಮೂತಿಯ ಕ್ಯಾನು ಹಿಡಿದು ಬರುತ್ತಾಳೆ. ಕ್ಯಾನಿನಲ್ಲಿರುವುದು ಒಂದು ಗೇಣು ನೀರಿನ ಒತ್ತಡ. ಹತ್ತಾರು ತೂತುಗಳಿಗೆ ಹಂಚಿಹೋದ ನೀರು ಸೋನೆಯಾಗಿ ಇಳಿಯುತ್ತದೆ, ಬೀಜ ಮಲಗಿದಲ್ಲೇ ನೆನೆಯುತ್ತದೆ. ಗಂಡ ತೆಂಗಿನ ಬುಡದಲ್ಲಿ ನಿಂತು ನಾಟಿ ವಿಚಾರದಲ್ಲಿ ಹೆಂಗಸರಿಗೆ ಏನೂ ತಿಳಿಯದು ಎಂದು ದಾರಿಹೋಕರಿಗೆ ವಿವರಿಸುತ್ತಾನೆ.

ಎಚ್.ಡಿ. ಕೋಟೆ ಕಡೆ ಶುಂಠಿಗೆ ತಿರುಗುತ್ತಾ ನೀರು ಚಿಮ್ಮಿಸುವ ಜೆಟ್ ಹಾಕಿದವನದು ಇದೇ ತಳಿಯ ಇನ್ನೊಂದು ಕವಲು. ಹತ್ತು ಜೆಟ್ ಚೆನ್ನಾಗಿ ತಿರುಗುತ್ತಿವೆ ಎಂದು ಹನ್ನೊಂದನೆಯದನ್ನು, ಹನ್ನೆರಡನೆಯದನ್ನು ಸೇರಿಸುತ್ತಾ ಹೋಗುತ್ತಾನೆ. ಮೋಟಾರು ಕೊಡುವ ಹರಿವು ಹಂಚಿಹೋಗಿ ಒತ್ತಡ ಕುಸಿದು, ಕೊನೆಗೆ ಎಲ್ಲವೂ ತಿರುಗುವುದು ಬಿಟ್ಟು ಬುಡಕ್ಕೆ ಜೊಲ್ಲು ಸುರಿಸುತ್ತವೆ. ಬೈಗುಳ ಮಾತ್ರ ಕರೆಂಟಿನವರಿಗೆ.

ಅಪರೂಪಕ್ಕೆ ಒಬ್ಬ ಹೆಬ್ಬೆರಳಣ್ಣ ಯಾರದೋ ಮಾತು ಕೇಳಿ ಪೈಪನ್ನೇ ಬದಲಿಸುವುದುಂಟು. ಅರ್ಧ ಇಂಚಿನ ಪೈಪಿನ ಬದಲು ಒಂದಿಂಚಿನದು ಹಾಕಿದರೆ, ಅಷ್ಟೇ ನೀರಿಗೆ ಉಜ್ಜಾಟದ ನಷ್ಟ ಸುಮಾರು ಮೂವತ್ತೆರಡನೇ ಒಂದು ಭಾಗಕ್ಕೆ ಇಳಿಯುತ್ತದೆ. ಪೈಪಿನ ಉದ್ದ ದುಪ್ಪಟ್ಟಾದರೆ ಹರಿವು ಸುಮಾರು ಮೂರನೇ ಒಂದು ಭಾಗ ಕಮ್ಮಿ, ಆದ್ದರಿಂದ ಬೇಕಾದಷ್ಟೇ ಉದ್ದ ಕತ್ತರಿಸಿಕೊಳ್ಳುವುದು ಲೇಸು. ಹಾಗೆಯೇ ಮಾಡಿ ನಲ್ಲಿ ತಿರುಗಿಸುತ್ತಾನೆ. ನೀರು ದಪ್ಪನಾಗಿ, ಸದ್ದಿಲ್ಲದೆ ಕಾಲ ಬುಡದಲ್ಲೇ ಬೀಳುತ್ತದೆ. ಪಾತಿ ಅರ್ಧ ಹೊತ್ತಿನಲ್ಲಿ ತುಂಬಿದ್ದು ಅವನ ಗಮನಕ್ಕೆ ಬರುವುದಿಲ್ಲ. ಒಂದಿಂಚಿನ ಬಾಯಿ ಮುಚ್ಚುವುದಕ್ಕೆ ಹೆಬ್ಬೆರಳು ಸಾಲದು ಎಂಬುದು ಮಾತ್ರ ಬರುತ್ತದೆ. ಪೈಪು ಸುತ್ತಿಕೊಂಡು ಅಂಗಡಿಗೆ ವಾಪಸ್ ಹೋಗುತ್ತಾನೆ: "ಏನಪ್ಪ, ಫೋರ್ಸೇ ಇಲ್ವಲ್ಲ ಇದ್ರಲ್ಲಿ?" ಅಂಗಡಿಯವನು ಇಂಥವರನ್ನು ದಿನಾ ನೋಡುವವನು. ವಾದಿಸದೆ ಗಾಜಿನ ಪೆಟ್ಟಿಗೆಯಿಂದ ಒಂದು ಹಿತ್ತಾಳೆ ನಾಜಲ್ ತೆಗೆದು ಪೈಪಿನ ತುದಿಗೆ ಸಿಕ್ಕಿಸಿ ಬಿಗಿಯುತ್ತಾನೆ. "ಇದ್ನ ಹಾಕ್ಕೊಳಿ ಗೌಡ್ರೇ, ಫೋರ್ಸ್ ಬತ್ತದೆ" ಎಂದು ಹೇಳಿ, ಅದರ ಬಿಲ್ಲನ್ನು ಬೇರೆ ಬರೆಯುತ್ತಾನೆ.