ಗಣಕೋತ್ಥಾಪನ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸತಕ್ಕದ್ದೆಂದು ಪೂರ್ವಸೂರಿಗಳು ವಿಧಿಸಿರುವುದರಿಂದ ನಾವೂ ಆ ಮಾರ್ಗವನ್ನೇ ಹಿಡಿಯುತ್ತೇವೆ. ಸ್ವಿಚ್ಚೊತ್ತಿದರೂ ಮೇಲೇಳದ ಹಳೆಯ ಕಂಪ್ಯೂಟರೇ ಇಲ್ಲಿ ವಿಷಯ. ಅದರ ಉದರದಲ್ಲಿ ಸಿಕ್ಕಿಕೊಂಡಿರುವ ಮದುವೆಯ ಲೆಕ್ಕವನ್ನು ಹೊರತೆಗೆಯುವುದೇ ಪ್ರಯೋಜನ. ಬೂಟ್ ಡಿಸ್ಕಿಗೂ ಯಂತ್ರಕ್ಕೂ ಇರುವುದು ಉತ್ಥಾಪಕ-ಉತ್ಥಾಪ್ಯ ಸಂಬಂಧ. ಹೊಸದನ್ನು ಕೊಳ್ಳಲು ಹಣವೂ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸೂ ಇಲ್ಲದವನೇ ಅಧಿಕಾರಿ.

ಈ ಶಾಸ್ತ್ರಕ್ಕೆ ನೀಲಗಿರಿಯ ವೆಲ್ಲಿಂಗ್ಟನ್ನೇ ತಕ್ಕ ಕ್ಷೇತ್ರ. 1947ರಲ್ಲಿ ಕ್ವೆಟ್ಟಾದಿಂದ ಬಂದ ಸ್ಟಾಫ್ ಕಾಲೇಜು ನೆಲೆಸಿರುವ, ಸುಮಾರು 6,000 ಅಡಿ ಎತ್ತರದ ಈ ದಂಡಿನ ಊರಿನಲ್ಲಿ ಮುಂಗಾರು ಮುಗಿಯಿತೆನ್ನುವಷ್ಟರಲ್ಲಿ ಹಿಂಗಾರು ಹಿಡಿದುಕೊಳ್ಳುವುದರಿಂದ, ಬೀರುವಿನಲ್ಲಿಟ್ಟ ಫ್ಲಾಪಿಗೂ ಬೂಷ್ಟು ಬರುತ್ತದೆ. ಪರ್ವತದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸುವ ನೈಯಾಯಿಕನು ಇಲ್ಲಿಗೆ ಬಂದರೆ, ಮಂಜು ಕವಿದಾಗಲೆಲ್ಲ ಅಗ್ನಿಶಾಮಕ ದಳವನ್ನು ಕರೆಯಬೇಕಾದೀತು. ಆದರೆ ಪವರ್ ಸಪ್ಲೈ ಡಬ್ಬಿಯಿಂದ ಏಳುವುದು ಮಾತ್ರ ಮಂಜಲ್ಲ, ನಿಸ್ಸಂದೇಹವಾಗಿ ಹೊಗೆಯೇ. ಅದಕ್ಕೆ ಬೂಟ್ ಡಿಸ್ಕು ಔಷಧವಲ್ಲ.

ಇನ್ನು ನಿದಾನ. ಚರಕಾಚಾರ್ಯರು ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯಗಳೆಂದು ವಿಂಗಡಿಸಿದಾಗ ಕಂಪ್ಯೂಟರನ್ನು ಕಂಡಿರಲಿಲ್ಲವಾದರೂ ಆ ವಿಭಾಗವು ಇದಕ್ಕೆ ಕಿಂಚಿತ್ತೂ ಊನವಿಲ್ಲದೆ ಹೊಂದುತ್ತದೆ. ಮದರ್‌ಬೋರ್ಡಿನ ಸೆಲ್ಲು ಬತ್ತಿ, ಯಂತ್ರವು ಇಂದು 1980ರ ಜನವರಿ 1 ಎಂದು ಭ್ರಮಿಸಿ, ತನ್ನ ಹಾರ್ಡ್ ಡಿಸ್ಕಿನ ಗುರುತನ್ನೇ ಮರೆತಿದ್ದರೆ ಸುಖಸಾಧ್ಯ; 3 ವೋಲ್ಟಿನ ಹೊಸ ಸೆಲ್ಲು ಹಾಕಿ ಸೆಟಪ್ಪಿನಲ್ಲಿ ಎಲ್ಲವನ್ನೂ ನೆನಪಿಸಿದರಾಯಿತು. ಬೂಟ್ ಸೆಕ್ಟರಿನ 512 ಬೈಟುಗಳೋ ಸಿಸ್ಟಂ ಫೈಲುಗಳೋ ಕೆಟ್ಟಿದ್ದರೆ ಕೃಚ್ಛ್ರಸಾಧ್ಯ. ಪ್ರತಿ ಬೆಳಗ್ಗೆಯೂ ಫ್ಲಾಪಿ ತುರುಕದೆ ಏಳದ, ತುರುಕಿದರೆ ಸಂಜೆಯವರೆಗೂ ದುಡಿಯುವ ಯಂತ್ರವು, ಔಷಧವಿರುವಷ್ಟು ದಿನ ಬದುಕುವ ಯಾಪ್ಯರೋಗಿ. ಹಾರ್ಡ್ ಡಿಸ್ಕು ಟಕ್‌ಟಕ್ಕೆಂದು ಬಡಿದುಕೊಳ್ಳತೊಡಗಿದರೆ ಅಸಾಧ್ಯ. ಅಲ್ಲಿ ವೈದ್ಯನು ಶುಲ್ಕವನ್ನೂ ಕೇಳದೆ ಹೊರಡತಕ್ಕದ್ದು.

ಔಷಧದ ಸ್ವರೂಪವೋ ಗಹನವಾದುದು. ಡಾಸಿನ ಬೂಟ್ ಡಿಸ್ಕಿನಲ್ಲಿ ಐಒ.ಸಿಸ್, ಎಂಎಸ್‌ಡಾಸ್.ಸಿಸ್, ಕಮಾಂಡ್.ಕಾಮ್ ಎಂಬ ತ್ರಿಮೂರ್ತಿಗಳಿದ್ದು, ಮೊದಲಿನೆರಡು ಅವ್ಯಕ್ತವಾಗಿಯೂ ಕೊನೆಯದು ವ್ಯಕ್ತವಾಗಿಯೂ ಇರುತ್ತವೆ. ಪ್ರತ್ಯಕ್ಷವೊಂದೇ ಪ್ರಮಾಣವೆನ್ನುವ ಚಾರ್ವಾಕನು, 'ಡಿರ್' ಎಂದಾಗ ಕಂಡದ್ದನ್ನಷ್ಟೇ ಕಾಪಿ ಮಾಡಿಕೊಂಡು ಬಂದು ತುರುಕಿದರೆ, ಯಂತ್ರವು 'ನಾನ್-ಸಿಸ್ಟಂ ಡಿಸ್ಕ್' ಎಂದು ಗದರಿಸಿ ನಾಸ್ತಿಕಮತವನ್ನು ಖಂಡಿಸುತ್ತದೆ. ಅವ್ಯಕ್ತಗಳೊಡನೆ ಬೂಟ್ ಸೆಕ್ಟರನ್ನೂ ಬರೆಯಬಲ್ಲ 'ಸಿಸ್' ಆಜ್ಞೆಯೇ ಇಲ್ಲಿ ದೀಕ್ಷಾವಿಧಿ. ಔಷಧವೇ ವಿಷವಾಗುವುದೂ ಉಂಟು: 1986ರಲ್ಲಿ ಲಾಹೋರಿನ ಸೋದರರಿಬ್ಬರು ರಚಿಸಿದ 'ಬ್ರೇನ್' ವೈರಸ್ಸು ಫ್ಲಾಪಿಯ ಬೂಟ್ ಸೆಕ್ಟರಿನಲ್ಲೇ ಮನೆಮಾಡಿತ್ತಾದುದರಿಂದ, ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯ ಗುಂಡಿಯನ್ನು ಸರಿಸಿ ರಂಧ್ರ ತೆರೆದು, ಯಾರೂ ಬರೆಯದಂತೆ ಮಾಡಿದ ಮೇಲೆಯೇ ಅದನ್ನು ಪರರ ಯಂತ್ರಕ್ಕೆ ಮುಟ್ಟಿಸತಕ್ಕದ್ದು.

ಫ್ಲಾಪಿಯಿಂದ ಎದ್ದ ಯಂತ್ರವನ್ನು ಹಾರ್ಡ್ ಡಿಸ್ಕಿಗೆ ಒಪ್ಪಿಸುವ ಕ್ರಮಕ್ಕೆ ದೃಷ್ಟಾಂತವು ಊರಿನ ರೈಲೇ ಆಗಿದೆ: ಕಲ್ಲಾರಿನಿಂದ ಹಲ್ಲುಪಟ್ಟಿಯ ಮೇಲೆ ಬಂಡಿಗಳನ್ನು ಹಿಂದಿನಿಂದ ನೂಕಿಕೊಂಡು ಬಂದ ಉಗಿಯಂತ್ರವು ಕೂನೂರಿನಲ್ಲಿ ಕಳಚಿಕೊಳ್ಳುತ್ತದೆ; ಅಲ್ಲಿಂದ ವೆಲ್ಲಿಂಗ್ಟನ್ನಿಗೆ ಕೊಂಡೊಯ್ಯುವುದು ಡೀಸೆಲ್ ಯಂತ್ರ. 'ಸಿಸ್ ಸಿ:' ಎಂದು ಬರೆದು ಫ್ಲಾಪಿಯನ್ನು ಹೊರತೆಗೆಯುವುದೇ ಈ ಶಾಸ್ತ್ರದ ಕೂನೂರು. ತೆಗೆಯಲು ಮರೆತವನು ಕೆಳಗಿನ ಯಂತ್ರದೊಡನೆಯೇ ಊಟಿಗೆ ಹೊರಟವನು.

"ಆದರೆ ಆ ಡಿಸ್ಕು ಎಲ್ಲಿದೆ?" ಎಂದು ಪೂರ್ವಪಕ್ಷಿ ಕೇಳಬಹುದು. ಸ್ಟಾರ್ಟಪ್ ಡಿಸ್ಕು ಮಾಡಿಕೊಳ್ಳುವಿರಾ ಎಂದು ವಿಂಡೋಸ್ 95 ತನ್ನನ್ನು ಸ್ಥಾಪಿಸುವಾಗಲೇ ವಿನಯದಿಂದ ಕೇಳಿದ್ದಿತು. ಸಕಲರೂ 'ಆಮೇಲೆ' ಎಂದರು. ಯಂತ್ರ ಮಲಗಿದ ಮೇಲೆ ಆ ಯಂತ್ರದಿಂದಲೇ ಡಿಸ್ಕು ಮಾಡುವುದು ಅನ್ಯೋನ್ಯಾಶ್ರಯ ದೋಷ. ಆದ್ದರಿಂದ ಸಿದ್ಧಾಂತವಿಷ್ಟೇ: ಈ ಔಷಧವನ್ನು ಆರೋಗ್ಯದಲ್ಲಿಯೇ ಅರೆದಿಡಬೇಕು. ವಾಚಕ ಮಹಾಶಯರೇ, ನಿಮ್ಮ ಹಳೆಯ ಯಂತ್ರವು ಈ ಹೊತ್ತು ನಡೆಯುತ್ತಿದ್ದರೆ ಮೊದಲು ಎರಡು ಬೂಟ್ ಡಿಸ್ಕು ಮಾಡಿ, ಒಂದನ್ನು ಮಂಜಿಲ್ಲದ ಮೈಸೂರಿನ ನೆಂಟರ ಮನೆಯಲ್ಲಿರಿಸಿ.